1872, 1878, 1891: ಹೈಡೆಲ್‌ಬರ್ಗ್ ರಗ್ಬಿ ಕ್ಲಬ್ಬಿಗೆ ಯಾವ ವರ್ಷ ಬರೆಯಬೇಕು?

ಓದುಗರ ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಆರು ವರ್ಷದಿಂದ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದೇವೆ. ಒಂಬತ್ತನೇ ತರಗತಿ ಓದುವ ಮಗ ಹೈಡೆಲ್‌ಬರ್ಗರ್ ರುಡರ್‌ಕ್ಲುಬ್‌ನ (ಎಚ್‌ಆರ್‌ಕೆ) ಕಿರಿಯರ ರಗ್ಬಿ ತಂಡದಲ್ಲಿ ಆಡುತ್ತಾನೆ. ಶಾಲೆಯಲ್ಲಿ ಅಂಕಕ್ಕೆ ಲೆಕ್ಕ ಹಿಡಿಯುವ ಜಿಎಫ್‌ಎಸ್ ಮಂಡನೆಗೆ ‘ನನ್ನ ಕ್ಲಬ್ಬಿನ ಇತಿಹಾಸ’ ಅಂತ ಆರಿಸಿಕೊಂಡು ಈಗ ಒದ್ದಾಡುತ್ತಿದ್ದಾನೆ. ಒಂದು ಕಡೆ 1872 ಅಂತಿದೆ, ಇನ್ನೊಂದು ಕಡೆ 1891. ಜರ್ಮನಿಯ ಅತಿ ಹಳೆಯ ರಗ್ಬಿ ಕ್ಲಬ್ ಹ್ಯಾನೋವರ್‌ನದು, 1878ರದು ಅಂತ ಅವನ ಗೆಳೆಯ ಹೇಳುತ್ತಾನೆ. ನಮ್ಮ ಕ್ಲಬ್ಬೇ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತ್ತು ಅಂತ ಒಬ್ಬರು, 2018ರಲ್ಲಿ ಮೋಸ ಮಾಡಿದ್ದಕ್ಕೆ ಯುರೋಪಿಯನ್ ಟೂರ್ನಿಯಿಂದ ಹೊರಹಾಕಿದರು ಅಂತ ಇನ್ನೊಬ್ಬರು. ಹಿಟ್ಲರ್ ಕಾಲದ ವಿಷಯ ಎತ್ತುವುದೋ ಬಿಡುವುದೋ ಎಂಬ ಅಳುಕು ನನ್ನ ಹೆಂಡತಿಗೆ. ಹೊರಗಿನಿಂದ ಬಂದವರು ನಾವು, ತಪ್ಪು ತಿಳಿದುಕೊಂಡರೆ? ದಾರಿ ತೋರಿಸಿ.

ಉತ್ತರ: ನಿಮ್ಮ ಮಗ ಕಲೆಹಾಕಿರುವ ಮೂರು ವರ್ಷಗಳೂ ಸರಿ. ಅವು ಒಂದೇ ಪ್ರಶ್ನೆಗೆ ಸಿಕ್ಕ ಮೂರು ಉತ್ತರಗಳಲ್ಲ, ಮೂರು ಬೇರೆ ಪ್ರಶ್ನೆಗಳ ಉತ್ತರಗಳು. ಅಷ್ಟು ಬಿಡಿಸಿಕೊಂಡರೆ ಅವನ ಅರ್ಧ ಕೆಲಸ ಮುಗಿದ ಹಾಗೆ. ಬೆಳ್ಳಿಯ ಕಥೆಯಲ್ಲಿ ನಿಜ ಇದೆ, ಆದರೆ ಅದು ಹೈಡೆಲ್‌ಬರ್ಗ್‌ನದಲ್ಲ. ಮೋಸದ ಕಥೆ ಸುಳ್ಳು.

ಮೊದಲು ವರ್ಷದ ವಿಷಯ. 1872ರಲ್ಲಿ ಹುಟ್ಟಿದ್ದು ರೋಯಿಂಗ್ ಕ್ಲಬ್, ನೆಕಾರ್ ನದಿಯಲ್ಲಿ ದೋಣಿ ಓಡಿಸುವವರ ಕೂಟ. ಕ್ಲಬ್ಬಿನ ಹೆಸರೇ ಅದನ್ನು ಹೇಳುತ್ತದೆ: ‘ರುಡರ್’ ಅಂದರೆ ದೋಣಿಯ ಹುಟ್ಟು. ರಗ್ಬಿ ವಿಭಾಗ ಶುರುವಾದದ್ದು 1891ರಲ್ಲಿ, ಪ್ರೊ. ಎಡ್ವರ್ಡ್ ಹಿಲ್ ಉಲ್‌ರಿಷ್ ಅವರಿಂದ. ರೋಯಿಂಗ್ ಬೇಸಿಗೆಯ ಆಟ, ರಗ್ಬಿ ಚಳಿಗಾಲದ್ದು. ದೋಣಿಗಳು ಶೆಡ್ ಸೇರುವ ತಿಂಗಳುಗಳಲ್ಲೂ ಹುಡುಗರ ಮೈ ಹದವಾಗಿರಬೇಕಲ್ಲ, ಹಾಗಾಗಿ ಎರಡೂ ಒಂದೇ ಮನೆಯಲ್ಲಿ ಹೊಂದಿಕೊಂಡು ಬೆಳೆದವು. ಅದೇ ಊರಿನ ಇನ್ನೊಂದು ದೊಡ್ಡ ರಗ್ಬಿ ಹೆಸರು ರುಡರ್‌ಗೆಸೆಲ್‌ಶಾಫ್ಟ್, 1898ರದು, ಅದೂ ರೋಯಿಂಗ್ ಸಂಘವೇ. ಹೈಡೆಲ್‌ಬರ್ಗ್‌ನ ರಗ್ಬಿಗೆ ನದಿಯ ನಂಟು ಎಷ್ಟು ಗಟ್ಟಿ ಅನ್ನುವುದಕ್ಕೆ ಈ ಎರಡು ಹೆಸರುಗಳೇ ಸಾಕು.

ಇಲ್ಲಿ ಜರ್ಮನ್ ‘ಫೆರೈನ್’ ಪದ್ಧತಿ ಗೊತ್ತಿರಬೇಕು. ಫೆರೈನ್ ಅಂದರೆ ಸಂಘ, ಅದು ಒಂದು ಕೊಡೆಯ ಹಾಗೆ. ಅದರ ಕೆಳಗೆ ‘ಆಪ್‌ಟೈಲುಂಗ್’ ಅಂದರೆ ವಿಭಾಗಗಳು. ಕೊಡೆಗೊಂದು ಹುಟ್ಟಿದ ವರ್ಷ, ಪ್ರತಿ ವಿಭಾಗಕ್ಕೆ ಬೇರೆ ಬೇರೆ. ಅಂಗಿಯ ಲಾಂಛನದಲ್ಲಿ ಸಾಮಾನ್ಯವಾಗಿ ಕೊಡೆಯ ವರ್ಷವೇ ಇರುತ್ತದೆ, ನೋಡಿದವರು ಅದನ್ನು ಆಟದ ವರ್ಷ ಅಂದುಕೊಳ್ಳುತ್ತಾರೆ. ಹ್ಯಾಂಬರ್ಗ್‌ನ ಎಫ್‌ಸಿ ಸಾಂಕ್ಟ್ ಪೌಲಿ ಲಾಂಛನದಲ್ಲಿ 1910 ಇದೆ, ರಗ್ಬಿ ವಿಭಾಗ 1933ರದು. ಹಾಗಾಗಿ ನಿಮ್ಮ ಮಗ ವರ್ಷ ಬರೆದ ಕಡೆಯಲ್ಲೆಲ್ಲ ‘ಯಾವುದರ ವರ್ಷ’ ಅನ್ನುವುದನ್ನೂ ಪಕ್ಕದಲ್ಲೇ ಬರೆಯಲಿ: ‘1872, ರೋಯಿಂಗ್ ಕ್ಲಬ್; 1891, ರಗ್ಬಿ ವಿಭಾಗ.’

ಹ್ಯಾನೋವರ್‌ನ 1878 ಬೇರೆ ಬಗೆಯದು. 1878ರ ಸೆಪ್ಟೆಂಬರ್ 14ರಂದು ಫರ್ಡಿನಾಂಡ್-ವಿಲ್‌ಹೆಲ್ಮ್ ಫ್ರಿಕೆ ಎಂಬ ಶಾಲಾ ಹುಡುಗ ಡಾಯ್ಚರ್ ಫುಸ್‌ಬಾಲ್-ಫೆರೈನ್ ಹ್ಯಾನೋವರ್ ಕಟ್ಟಿದ. ಆಗ ಅವನ ವಯಸ್ಸು ಹೆಚ್ಚುಕಡಿಮೆ ನಿಮ್ಮ ಮಗನದೇ. ಈಗ ಅದರ ಹೆಸರು ಡಿಎಸ್‌ವಿ 78. ಅದು ಮೊದಲ ದಿನದಿಂದಲೂ ಚೆಂಡಾಟದ ಸಂಘ, ಆಡುತ್ತಿದ್ದದ್ದು ರಗ್ಬಿ. ಹ್ಯಾನೋವರ್‌ಗೆ ಆ ಆಟ ಅಷ್ಟು ಬೇಗ ತಲುಪಿದ್ದರಲ್ಲಿ ಆಶ್ಚರ್ಯವಿಲ್ಲ. 1714ರಿಂದ 1837ರವರೆಗೆ ಹ್ಯಾನೋವರ್ ಮತ್ತು ಬ್ರಿಟನ್ ಒಬ್ಬನೇ ರಾಜನ ಕೆಳಗಿದ್ದವು, ಇಂಗ್ಲಿಷರು ಅಲ್ಲಿಗೆ ಬಂದುಹೋಗುವುದು ರೂಢಿಯಾಗಿತ್ತು.

ಅಂದರೆ ‘ಅತಿ ಹಳೆಯ ಕ್ಲಬ್’ ಅನ್ನುವ ಜಗಳಕ್ಕೆ ತೀರ್ಪು ಹೀಗೆ: ಈ ಎರಡರಲ್ಲಿ ಸಂಘದ ವಯಸ್ಸು ಎಣಿಸಿದರೆ ಹೈಡೆಲ್‌ಬರ್ಗ್‌ನದು ಹಿರಿದು, ರಗ್ಬಿಗಾಗಿಯೇ ಹುಟ್ಟಿದ್ದನ್ನು ಎಣಿಸಿದರೆ ಹ್ಯಾನೋವರ್‌ನದು. ಊರಿನಲ್ಲಿ ಆಟ ಯಾವಾಗಿನಿಂದ ಇತ್ತು ಅಂತ ಕೇಳಿದರೆ ಮತ್ತೆ ಹೈಡೆಲ್‌ಬರ್ಗ್ ಮುಂದೆ: ಇಲ್ಲಿ ಓದುತ್ತಿದ್ದ ಇಂಗ್ಲಿಷ್ ಹುಡುಗರು 1850ರ ಸುಮಾರಿಗೇ ನಾಯನ್‌ಹೈಮ್ ಭಾಗದಲ್ಲಿ ರಗ್ಬಿ ಆಡುತ್ತಿದ್ದರು ಅನ್ನುತ್ತಾರೆ. ಆದರೆ ಹುಡುಗರ ಆಟ ಬೇರೆ, ಸಂಘ ಬೇರೆ. ಅದನ್ನು ಕ್ಲಬ್ಬಿನ ಲೆಕ್ಕಕ್ಕೆ ಸೇರಿಸಬಾರದು.

ಗೊಂದಲಕ್ಕೆ ಇನ್ನೊಂದು ದೊಡ್ಡ ಕಾರಣ ‘ಫುಸ್‌ಬಾಲ್’ ಎಂಬ ಪದ. 19ನೇ ಶತಮಾನದ ಜರ್ಮನ್ ಕಾಗದಗಳಲ್ಲಿ ಫುಸ್‌ಬಾಲ್ ಅಂದರೆ ಇವತ್ತಿನ ಕಾಲ್ಚೆಂಡೇ ಆಗಬೇಕಿಲ್ಲ. ‘ಮಿಟ್ ಔಫ್‌ನೇಮೆನ್’ ಅಂದರೆ ಚೆಂಡು ಎತ್ತಿಕೊಳ್ಳುವ ಆಟ, ‘ಓನೆ ಔಫ್‌ನೇಮೆನ್’ ಅಂದರೆ ಎತ್ತಿಕೊಳ್ಳದ ಆಟ ಅಂತ ಪಕ್ಕದಲ್ಲಿ ಬರೆದು ಎರಡನ್ನೂ ಬೇರೆ ಮಾಡುತ್ತಿದ್ದರು. ಮೊದಲನೆಯದು ರಗ್ಬಿ. ಬ್ರೌನ್‌ಷ್ವೈಗ್‌ನ ಶಿಕ್ಷಕ ಕೊನ್ರಾಡ್ ಕೋಖ್ 1874ರಲ್ಲಿ ಶಾಲೆಯ ಹುಡುಗರಿಗೆ ಕಲಿಸಿದ ಫುಸ್‌ಬಾಲ್ ಕೂಡ ಆರಂಭದಲ್ಲಿ ರಗ್ಬಿಗೇ ಹತ್ತಿರವಿತ್ತು. ನಮ್ಮ ದೇಶದಲ್ಲೂ ಇದೇ ಕಥೆ: ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಆಡುತ್ತಿದ್ದದ್ದು ರಗ್ಬಿ. ಅದು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಕಪ್ಪಿಗೇ ಇವತ್ತೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುತ್ತವೆ. ಅದು ಮುಚ್ಚಿದ ವರ್ಷವೂ 1878, ಹ್ಯಾನೋವರ್ ಕ್ಲಬ್ ಹುಟ್ಟಿದ ವರ್ಷವೇ.

ಈ ಪದದ ಗೊಂದಲದಿಂದ ಇವತ್ತಿನ ಕಾಲ್ಚೆಂಡಿನ ದೊಡ್ಡ ಕ್ಲಬ್ಬುಗಳೂ ಹೊರತಲ್ಲ. ವಿಎಫ್‌ಬಿ ಸ್ಟುಟ್‌ಗಾರ್ಟ್ ಲಾಂಛನದ 1893 ಒಂದು ರಗ್ಬಿ ಕ್ಲಬ್ಬಿನ ವರ್ಷ. ಫುಸ್‌ಬಾಲ್‌ಫೆರೈನ್ ಸ್ಟುಟ್‌ಗಾರ್ಟ್ ಹುಟ್ಟಿದ್ದೇ ರಗ್ಬಿ ಆಡುತ್ತಾ; 1909ರ ಮೊದಲ ಜರ್ಮನ್ ರಗ್ಬಿ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಎಫ್‌ಎಸ್‌ವಿ 1897 ಹ್ಯಾನೋವರ್‌ಗೆ 6–3ರಿಂದ ಸೋತಿತ್ತು. 1912ರಲ್ಲಿ ಅದು ಕಾನ್‌ಸ್ಟಾಟ್‌ನ ಇನ್ನೊಂದು ಕ್ಲಬ್ ಜೊತೆ ಸೇರಿ ವಿಎಫ್‌ಬಿ ಆಯಿತು. ಹ್ಯಾನೋವರ್ 96 ಕೂಡ ಶುರುವಿನಲ್ಲಿ ಅಥ್ಲೆಟಿಕ್ಸ್ ಮತ್ತು ರಗ್ಬಿಯದೇ. ಕಾಲ್ಚೆಂಡು ಮುಂದೆ ಬಂದದ್ದು 1899ರ ಹೊತ್ತಿಗೆ. ತರಗತಿಯಲ್ಲಿ ಫುಟ್‌ಬಾಲ್ ಹುಚ್ಚಿನ ಮಕ್ಕಳೇ ಜಾಸ್ತಿ ಇರುತ್ತಾರೆ, ಈ ಎರಡು ಉದಾಹರಣೆ ಇಟ್ಟರೆ ಕಿವಿಗೊಟ್ಟು ಕೇಳುತ್ತಾರೆ.

ಹೆಸರಿನ ಕೊನೆಯ ‘ಇ.ವಿ.’ (ನೋಂದಾಯಿತ ಸಂಘ) ಬಗ್ಗೆಯೂ ಎಚ್ಚರ ಬೇಕು. ಇಡೀ ಜರ್ಮನಿಗೆ ಒಂದೇ ನಾಗರಿಕ ಸಂಹಿತೆ ಜಾರಿಗೆ ಬಂದದ್ದು 1900ರ ಜನವರಿ 1ರಂದು. ಸಂಘದ ನೋಂದಣಿಗೆ ಕನಿಷ್ಠ ಏಳು ಸದಸ್ಯರಿರಬೇಕು ಎಂಬ ನಿಯಮವೂ ಅದರಲ್ಲೇ ಇದೆ. ಕರ್ನಾಟಕದಲ್ಲಿ ಸಂಘ ನೋಂದಣಿಗೂ ಏಳು ಜನ ಬೇಕು, ನಿಮಗೆ ಹೊಸದೇನಲ್ಲ. ಹಾಗಾಗಿ 1878ರ ಕ್ಲಬ್ಬಿಗೂ ಈ ರಿಜಿಸ್ಟರಿನಲ್ಲಿ 1900ರ ನಂತರದ ತಾರೀಖೇ ಕಾಣುತ್ತದೆ. ನಮ್ಮೂರಿನ ಯುವಕ ಸಂಘ ಗಣಪತಿ ಕೂರಿಸಿದ ಮೊದಲ ವರ್ಷದಿಂದ ಎಣಿಸುತ್ತದೆಯೇ ಹೊರತು ರಿಜಿಸ್ಟ್ರಾರ್ ಕಚೇರಿಯ ಮುದ್ರೆಯಿಂದಲ್ಲವಲ್ಲ, ಹಾಗೆ. ನೋಂದಣಿ ತಾರೀಖನ್ನು ಹುಟ್ಟಿದ ತಾರೀಖು ಅಂತ ಬರೆಯುವುದು ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು.

ಇನ್ನು ಒಲಿಂಪಿಕ್ಸ್. 1900ರ ಪ್ಯಾರಿಸ್ ಕೂಟದ ರಗ್ಬಿಯಲ್ಲಿ ಇದ್ದದ್ದು ಮೂರೇ ತಂಡ, ನಡೆದದ್ದು ಎರಡೇ ಪಂದ್ಯ. ಜರ್ಮನಿಯ ಪರವಾಗಿ ಹೋದದ್ದು ಬಹುಪಾಲು ಫ್ರಾಂಕ್‌ಫರ್ಟ್‌ನ ಎಫ್‌ಸಿ 1880 ಕ್ಲಬ್ಬಿನ ತಂಡ, ಈಗಿನ ಎಸ್‌ಸಿ 1880. ಬ್ರಿಟನ್ ಪರವಾಗಿ ಬಂದದ್ದು ಮೋಸ್ಲಿ ವಾಂಡರರ್ಸ್. ಅಕ್ಟೋಬರ್ 14ರಂದು ಫ್ರಾನ್ಸ್ 27–17ರಿಂದ ಜರ್ಮನ್ ತಂಡವನ್ನು ಸೋಲಿಸಿತು, ಎರಡು ವಾರದ ನಂತರ 27–8ರಿಂದ ಬ್ರಿಟಿಷರನ್ನು. ಸೋತ ಎರಡು ತಂಡಗಳ ನಡುವೆ ಪಂದ್ಯವೇ ನಡೆಯಲಿಲ್ಲ, ಹಾಗಾಗಿ ದಾಖಲೆಯಲ್ಲಿ ಇಬ್ಬರಿಗೂ ಬೆಳ್ಳಿ. ಅದೂ ಆಮೇಲೆ ಕೊಟ್ಟ ಸ್ಥಾನ. ಇವತ್ತಿನ ಹಾಗೆ ಚಿನ್ನ, ಬೆಳ್ಳಿ, ಕಂಚು ಅಂತ ಕೊರಳಿಗೆ ಹಾಕುವ ಕ್ರಮ ಆ ಕೂಟದಲ್ಲಿ ಇರಲಿಲ್ಲ. ‘ಒಂದೂ ಪಂದ್ಯ ಗೆಲ್ಲದೆ ಬೆಳ್ಳಿ’ ಅಂತ ಹಗುರವಾಗಿ ಬರೆಯುವವರಿದ್ದಾರೆ. ಮಗನಿಗೆ ಹಾಗೆ ಬರೆಯಬೇಡ ಅನ್ನಿ. ಒಂದೇ ಊರಿನ ಕ್ಲಬ್ಬಿನವರನ್ನೇ ನೆಚ್ಚಿಕೊಂಡು ಹೋದ ತಂಡ ಪ್ಯಾರಿಸ್‌ನಲ್ಲಿ 17 ಪಾಯಿಂಟ್ ಗಳಿಸಿದ್ದು ಸಣ್ಣ ಮಾತಲ್ಲ. ಆದರೆ ಆ ಹೆಮ್ಮೆ ಫ್ರಾಂಕ್‌ಫರ್ಟ್‌ಗೆ ಸೇರಿದ್ದು.

ಹಳೆಯ ಸ್ಕೋರು ಓದುವಾಗ ಇವತ್ತಿನ ಲೆಕ್ಕ ಹಾಕಬಾರದು. ಎರಡು ಮಹಾಯುದ್ಧಗಳ ನಡುವಿನ ಆ ದಶಕಗಳಲ್ಲಿ ಟ್ರೈಗೆ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರುವುದು) 3, ಅದರ ಮೇಲಿನ ಕನ್ವರ್ಷನ್‌ಗೆ (ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯುವುದು) 2, ಪೆನಾಲ್ಟಿಗೆ 3, ಡ್ರಾಪ್ ಗೋಲಿಗೆ (ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಕಂಬಗಳ ನಡುವೆ ಒದೆಯುವುದು) 4. ಡ್ರಾಪ್ ಗೋಲು 3ಕ್ಕೆ ಇಳಿದದ್ದು 1948ರಲ್ಲಿ. ಟ್ರೈ 4 ಆದದ್ದು 1971ರಲ್ಲಿ, 5 ಆದದ್ದು 1992ರಲ್ಲಿ. ಇದನ್ನು ಕೈಯಲ್ಲಿಟ್ಟುಕೊಂಡು ಜರ್ಮನಿಯ ಮೊದಲ ಅಂತರರಾಷ್ಟ್ರೀಯ ಪಂದ್ಯ ನೋಡಿ: 1927ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ 30–5ರ ಸೋಲು. ಆಗಿನ ಲೆಕ್ಕದಲ್ಲಿ 5 ಬರಲು ಒಂದೇ ದಾರಿ, 3 ಕೂಡಿಸು 2. ಅಂದರೆ ಜರ್ಮನರು ಒಂದು ಟ್ರೈ ಗಳಿಸಿ, ಅದನ್ನು ಕಂಬಗಳ ನಡುವೆ ಒದ್ದಿದ್ದಾರೆ. ವರದಿ ಕಳೆದುಹೋಗಿದ್ದರೂ ಅಂಕವೇ ಅಷ್ಟು ಹೇಳುತ್ತದೆ. ಮರುತಿಂಗಳು ಫ್ರಾಂಕ್‌ಫರ್ಟ್‌ನಲ್ಲಿ ಅದೇ ಫ್ರಾನ್ಸನ್ನು 17–16ರಿಂದ ಸೋಲಿಸಿದರು. 1938ರಲ್ಲಿ ಮತ್ತೆ ಫ್ರಾಂಕ್‌ಫರ್ಟ್‌ನಲ್ಲೇ 3–0. ಈ 3 ಮಾತ್ರ ಟ್ರೈಯೋ ಪೆನಾಲ್ಟಿಯೋ ಅಂತ ಅಂಕದಿಂದ ಗೊತ್ತಾಗುವುದಿಲ್ಲ, ಪತ್ರಿಕೆ ವರದಿ ಬೇಕೇ ಬೇಕು. ಇನ್ನೊಂದು ಎಡವುವ ಜಾಗ: ರಗ್ಬಿ ಋತು ಶರತ್ಕಾಲದಲ್ಲಿ ಶುರುವಾಗಿ ಮುಂದಿನ ವಸಂತದಲ್ಲಿ ಮುಗಿಯುತ್ತದೆ. ‘2010ರ ಚಾಂಪಿಯನ್’ ಅಂದರೆ 2009–10ರ ಋತು.

ಅದೇ 1938ರ ಗೆಲುವು ನಿಮ್ಮ ಹೆಂಡತಿಯ ಅಳುಕಿಗೆ ಕರೆದುಕೊಂಡು ಹೋಗುತ್ತದೆ. ಜರ್ಮನ್ ರಗ್ಬಿ ಅತ್ಯಂತ ಬಲವಾಗಿದ್ದ ವರ್ಷಗಳು ನಾಜಿ ಆಳ್ವಿಕೆಯ ವರ್ಷಗಳೇ. 1931ರಲ್ಲಿ ಬ್ರಿಟಿಷ್ ಒಕ್ಕೂಟಗಳು ಫ್ರಾನ್ಸನ್ನು ದೂರವಿಟ್ಟವು. ಫ್ರಾನ್ಸ್ ಎದುರಾಳಿಗಳನ್ನು ಹುಡುಕುತ್ತಾ 1934ರಲ್ಲಿ ಜರ್ಮನಿ ಮತ್ತಿತರ ದೇಶಗಳ ಜೊತೆ ಫಿರಾ ಎಂಬ ರಗ್ಬಿ ಒಕ್ಕೂಟ ಕಟ್ಟಿತು, ಅದರಿಂದ ಜರ್ಮನ್ ತಂಡಕ್ಕೆ ದೊಡ್ಡ ಪಂದ್ಯಗಳು ಸಿಕ್ಕವು. ಅದೇ ಹೊತ್ತಿಗೆ 1933ರಿಂದ ಕ್ಲಬ್ಬುಗಳಲ್ಲಿ ಚುನಾಯಿತ ಅಧ್ಯಕ್ಷರ ಜಾಗಕ್ಕೆ ‘ಫೆರೈನ್ಸ್‌ಫ್ಯೂರರ್’ (ಸಂಘದ ನಾಯಕ) ಬಂದರು, ಯಹೂದಿ ಸದಸ್ಯರನ್ನು ಹೊರದೂಡಿದರು. ಸಾಂಕ್ಟ್ ಪೌಲಿಯ ರಗ್ಬಿ ವಿಭಾಗ 1933ರದು ಅಂದೆನಲ್ಲ, ಅದನ್ನು ಕಟ್ಟಿದವರು ಓಟೋ ಮತ್ತು ಪೌಲ್ ಲಾಂಗ್ ಎಂಬ ಯಹೂದಿ ಮೂಲದ ಅಣ್ಣತಮ್ಮಂದಿರು. ಆ ವಿಭಾಗಕ್ಕೆ ‘1933’ ಬರೀ ಸ್ಥಾಪನಾ ವರ್ಷವಲ್ಲ.

ಹಾಗಾಗಿ ಆ ಕಾಲದ ವಿಷಯ ಬಿಡುವ ಹಾಗಿಲ್ಲ, ಹೊರಗಿನವರೆಂಬ ಸಂಕೋಚವೂ ಬೇಡ. ಜರ್ಮನ್ ಶಾಲೆಯಲ್ಲಿ 1932ರಿಂದ ನೇರ 1950ಕ್ಕೆ ಹಾರುವ ಕ್ಲಬ್ ಇತಿಹಾಸಕ್ಕೇ ಶಿಕ್ಷಕರು ಮೊದಲ ಪ್ರಶ್ನೆ ಹಾಕುತ್ತಾರೆ. ಮಗ ಯಾರನ್ನೂ ದೂರಬೇಕಿಲ್ಲ. ಮೂರು ಪ್ರಶ್ನೆ ಹಿಡಿದು ಹುಡುಕಲಿ: ಆಗ ಅಧ್ಯಕ್ಷರು ಯಾರು, ಸದಸ್ಯತ್ವದ ನಿಯಮ ಯಾವಾಗ ಬದಲಾಯಿತು, ಯಾರ ಹೆಸರು ಪಟ್ಟಿಯಿಂದ ಹೋಯಿತು. ಉತ್ತರ ಸಿಗದಿದ್ದರೆ ‘ದಾಖಲೆ ಸಿಗಲಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕ ಉತ್ತರ. ‘ನಮ್ಮ ಕ್ಲಬ್ಬಿನಲ್ಲಿ ಅಂಥದ್ದೇನೂ ನಡೆಯಲಿಲ್ಲ’ ಎಂದು ಮಾತ್ರ ಆಧಾರವಿಲ್ಲದೆ ಬರೆಯಬಾರದು. ಆ ಕಾಲದ ಫೋಟೋಗಳಲ್ಲಿ ಸ್ವಸ್ತಿಕದ ಬಾವುಟ ಕಾಣಬಹುದು. ಪಾಠಕ್ಕೆ, ಇತಿಹಾಸಕ್ಕೆ ತೋರಿಸಲು ಕಾನೂನು ಅವಕಾಶ ಕೊಡುತ್ತದೆ. ವಿವರಣೆಯಿಲ್ಲದೆ ಇನ್‌ಸ್ಟಾಗ್ರಾಂಗೆ ಹಾಕಿದರೆ ದಂಡಸಂಹಿತೆಯ 86ಎ ಕಲಮಿನ ತೊಂದರೆ ಬರಬಹುದು. ನಮ್ಮ ಮನೆಬಾಗಿಲ ಸ್ವಸ್ತಿಕ ಬೇರೆ, ಅದು ಬೇರೆ ಎಂದು ಅವನಿಗೆ ಮೊದಲೇ ಹೇಳಿಡಿ. ಸಹಪಾಠಿಗಳು ಕೇಳಿಯೇ ಕೇಳುತ್ತಾರೆ.

‘1872ರಿಂದ ಸತತವಾಗಿ’ ಎಂಬ ಮಾತಿಗೂ ಇಲ್ಲೇ ತಿದ್ದುಪಡಿ ಬೇಕು. 1945ರ ಡಿಸೆಂಬರ್ 17ರಂದು ಮಿತ್ರರಾಷ್ಟ್ರಗಳ ನಿಯಂತ್ರಣ ಮಂಡಳಿ 23ನೇ ನಿರ್ದೇಶನ ಹೊರಡಿಸಿ, ಯುದ್ಧಕ್ಕೆ ಮುಂಚಿನ ಎಲ್ಲ ಕ್ರೀಡಾ ಸಂಘಗಳನ್ನೂ ವಿಸರ್ಜಿಸಲು ಹೇಳಿತು. ಊರಮಟ್ಟದ ಸಂಘಗಳು ಆಡಳಿತ ನಡೆಸುತ್ತಿದ್ದ ಸೇನೆಯ ಅನುಮತಿ ಪಡೆದು ಹೊಸದಾಗಿ ಏಳಬೇಕಿತ್ತು. ಹೈಡೆಲ್‌ಬರ್ಗ್ ಅಮೆರಿಕನ್ ವಲಯದಲ್ಲಿತ್ತು. ಪೂರ್ವ ಜರ್ಮನಿಯಲ್ಲಂತೂ ಹಳೆಯ ಕ್ಲಬ್ಬುಗಳ ಜಾಗಕ್ಕೆ ಕಾರ್ಖಾನೆಗಳ ಸಂಘಗಳು ಬಂದವು. ಉಕ್ಕಿನ ಕಾರ್ಖಾನೆಯ ಷ್ಟಾಲ್ ಹೆನಿಗ್ಸ್‌ಡೋರ್ಫ್‌ನಲ್ಲಿ 1948ರಲ್ಲಿ ಎರ್ವಿನ್ ಥೀಸೀಸ್ ರಗ್ಬಿ ಶುರುಮಾಡಿ, ಆ ತಂಡ ಪೂರ್ವ ಜರ್ಮನಿಯ ಚಾಂಪಿಯನ್‌ಷಿಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದಿತು.

2018ರ ಪ್ರಕರಣಕ್ಕೆ ಹಿನ್ನೆಲೆ ಹಣದ್ದು. ಎಚ್‌ಆರ್‌ಕೆ 2010ರಿಂದ 2015ರವರೆಗೆ ಸತತ ಆರು ಸಲ, ಆಮೇಲೆ 2017 ಮತ್ತು 2018ರಲ್ಲೂ ಜರ್ಮನ್ ಚಾಂಪಿಯನ್. ನಡುವಿನ 2016 ಫೋರ್ಟ್ಸ್‌ಹೈಮ್‌ನವರದು. ಆ ಏಳಿಗೆಯ ಹಿಂದೆ ಇದ್ದವರು ಕ್ಯಾಪ್ರಿ-ಸನ್ ಹಣ್ಣಿನ ರಸದ ಉದ್ಯಮಿ ಹಾನ್ಸ್-ಪೀಟರ್ ವಿಲ್ಡ್ ಮತ್ತು ಅವರು ನಡೆಸಿದ ರಗ್ಬಿ ಅಕಾಡೆಮಿ. 2017ರಲ್ಲಿ ಅವರು ಪ್ಯಾರಿಸ್‌ನ ಸ್ತಾದ್ ಫ್ರಾನ್ಸೆ ಕ್ಲಬ್ಬನ್ನು ಕೊಂಡರು. ಮರುವರ್ಷ ಎಚ್‌ಆರ್‌ಕೆ ರುಮೇನಿಯಾದ ತಿಮಿಶ್ವಾರಾ ಸಾರಸೆನ್ಸನ್ನು ಸೋಲಿಸಿ ಯುರೋಪಿಯನ್ ಚಾಲೆಂಜ್ ಕಪ್‌ಗೆ ಮೈದಾನದಲ್ಲೇ ಅರ್ಹತೆ ಗಳಿಸಿತು. ಅದೇ ಟೂರ್ನಿಯಲ್ಲಿ ಸ್ತಾದ್ ಫ್ರಾನ್ಸೆಯೂ ಇತ್ತು. ಒಬ್ಬರೇ ವ್ಯಕ್ತಿಯ ಹಿಡಿತ ಎರಡು ತಂಡಗಳ ಮೇಲಿರಬಾರದು ಎಂದು ಸಂಘಟಕರು ಎಚ್‌ಆರ್‌ಕೆಯನ್ನು ಬಿಟ್ಟು, ಸೋತ ತಿಮಿಶ್ವಾರಾಗೆ ಜಾಗ ಕೊಟ್ಟರು. ಆಟಗಾರರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ‘ಮೋಸ’ದ ಮಾತು ಬಹುಶಃ ಅದೇ ವರ್ಷದ ಇನ್ನೊಂದು ಘಟನೆಯಿಂದ ಬೆರೆತಿರಬೇಕು: ಅರ್ಹತೆಯಿಲ್ಲದ ಆಟಗಾರರನ್ನು ಆಡಿಸಿದ್ದಕ್ಕೆ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ರುಮೇನಿಯಾ, ಸ್ಪೇನ್, ಬೆಲ್ಜಿಯಂಗಳ ಪಾಯಿಂಟ್ ಕಡಿದರು. ಅದರಿಂದ ಜರ್ಮನಿಗೆ ಅವಕಾಶ ಸಿಕ್ಕಿತು, ತಪ್ಪು ಮಾಡಿದ್ದು ಜರ್ಮನಿಯಲ್ಲ.

ಮಂಡನೆಗೆ ದಾರಿ ಮೂರು. ಮೊದಲನೆಯದು 1872ರಿಂದ ಇವತ್ತಿನವರೆಗಿನ ಪೂರ್ತಿ ಕಥೆ. ಚೆನ್ನಾಗಿ ಕಾಣುತ್ತದೆ, ಆದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ 150 ವರ್ಷ ತುರುಕಿದರೆ ಬರೀ ತಾರೀಖಿನ ಪಟ್ಟಿಯಾಗುತ್ತದೆ, ತಪ್ಪೂ ನುಸುಳುತ್ತದೆ. ಎರಡನೆಯದು ಒಂದೇ ಪಂದ್ಯ ಹಿಡಿದು ಆಳಕ್ಕೆ ಹೋಗುವುದು. ಪತ್ರಿಕೆ ವರದಿ ಸಿಗದಿದ್ದರೆ ಕೈಕಟ್ಟಿ ಕೂರಬೇಕು. ಮೂರನೆಯದು ‘ನಮ್ಮ ಕ್ಲಬ್ಬಿಗೆ ಯಾಕೆ ಎರಡು ಹುಟ್ಟಿದ ವರ್ಷ?’ ಎಂಬ ಒಂದೇ ಪ್ರಶ್ನೆ. ನಾನಾದರೆ ಇದನ್ನೇ ಆರಿಸುತ್ತೇನೆ. ರೋಯಿಂಗ್, ಫುಸ್‌ಬಾಲ್ ಎಂಬ ಪದ, ನೋಂದಣಿ, 1945ರ ವಿಸರ್ಜನೆ ಎಲ್ಲವೂ ಅದರೊಳಗೇ ಬರುತ್ತವೆ.

ಹುಡುಕಾಟ ಕ್ಲಬ್ಬಿನಿಂದಲೇ ಶುರುವಾಗಲಿ. 25, 50, 75ನೇ ವರ್ಷಗಳಿಗೆ ಕ್ಲಬ್ಬುಗಳು ‘ಫೆಸ್ಟ್‌ಷ್ರಿಫ್ಟ್’ ಎಂಬ ಸ್ಮರಣ ಸಂಚಿಕೆ ಅಚ್ಚು ಹಾಕಿಸುವುದುಂಟು. ಸಿಕ್ಕವುಗಳಲ್ಲಿ ಅತಿ ಹಳೆಯದನ್ನು ಮೊದಲು ಓದಲಿ; ಹೊಸವು ಹಳೆಯದನ್ನೇ ನಕಲು ಮಾಡಿ ಒಂದೆರಡು ತಪ್ಪನ್ನೂ ಸೇರಿಸಿರುತ್ತವೆ. ಆಮೇಲೆ ಸಂಘಗಳ ರಿಜಿಸ್ಟರು: ಯಾರು ಬೇಕಾದರೂ ನೋಡಬಹುದು, 2022ರ ಆಗಸ್ಟ್‌ನಿಂದ ಆನ್‌ಲೈನ್‌ನಲ್ಲಿ ಉಚಿತ, ಹಳೆಯ ಪುಟಗಳಿಗೆ ಕೋರ್ಟಿಗೆ ಬರೆಯಬೇಕು. ಮೂರನೆಯದು ಪತ್ರಿಕೆಗಳು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಊರಿನ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. ‘ರಗ್ಬಿ’ ಎಂದಷ್ಟೇ ಹುಡುಕಿದರೆ ಮೊದಲ ವರ್ಷಗಳ ಸುದ್ದಿ ತಪ್ಪಿಹೋಗುತ್ತದೆ, ‘ಫುಸ್‌ಬಾಲ್’ ಎಂದೂ ಹುಡುಕಬೇಕು. ಹೈಡೆಲ್‌ಬರ್ಗ್ ಯುದ್ಧದ ಬಾಂಬಿನಿಂದ ಬಹುಮಟ್ಟಿಗೆ ಪಾರಾದ ಊರು. 1943ರಲ್ಲಿ ಹ್ಯಾನೋವರ್, 1944ರಲ್ಲಿ ಫ್ರಾಂಕ್‌ಫರ್ಟ್ ಸುಟ್ಟ ಹಾಗೆ ಅದು ಸುಡಲಿಲ್ಲ, ಹಾಗಾಗಿ ಕಾಗದ ಸಿಗುವ ಆಸೆ ಇಲ್ಲಿ ಹೆಚ್ಚು.

ಕೈಬರಹದ ನಡಾವಳಿ ಪುಸ್ತಕ ಸಿಕ್ಕರೆ ಅದು ‘ಕೂರೆಂಟ್’ ಎಂಬ ಹಳೆಯ ಲಿಪಿಯಲ್ಲಿರುತ್ತದೆ, ಇವತ್ತಿನ ಜರ್ಮನರಿಗೂ ಓದಲು ಬಾರದು. ಅದರಲ್ಲಿ ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ, ‘ಯು’ ಮೇಲೆ ಸಣ್ಣ ಕೊಂಡಿ ಇರುತ್ತದೆ, ಉದ್ದ ‘ಎಸ್’ ‘ಎಫ್’ ಎಂದು ಮೋಸಮಾಡುತ್ತದೆ, ‘ಎಂ’ ಮೇಲೆ ಅಡ್ಡಗೆರೆ ಇದ್ದರೆ ಅದನ್ನು ಎರಡು ಸಲ ಓದಬೇಕು. ಮೊದಲು ಹಾಜರಿ ಪಟ್ಟಿ ಓದಿಸಿ. ಅಲ್ಲಿನ ಹೆಸರುಗಳು ಬೇರೆ ಕಡೆ ಅಚ್ಚಿನಲ್ಲಿ ಸಿಗುತ್ತವೆ, ಹೋಲಿಸಿ ನೋಡಿದರೆ ಬರೆದವರ ಕೈ ಪರಿಚಯವಾಗುತ್ತದೆ. ಟ್ರಾನ್ಸ್‌ಕ್ರಿಬುಸ್ ತಂತ್ರಾಂಶ ಕರಡು ಓದಿಕೊಡುತ್ತದೆ, ಅಂಕಿ ಮತ್ತು ಹೆಸರುಗಳನ್ನು ಮಾತ್ರ ಮೂಲದ ಜೊತೆ ತಾಳೆ ನೋಡಲೇಬೇಕು. ಫೋಟೋ ಬಳಸುವುದಾದರೆ, ಅದರಲ್ಲಿರುವವರು ತೀರಿಕೊಂಡು ಹತ್ತು ವರ್ಷ ಆಗಿರದಿದ್ದರೆ ಮನೆಯವರ ಒಪ್ಪಿಗೆ ಬೇಕು ಎಂಬುದು ಇಲ್ಲಿಯ ಕಾನೂನು. ಕಿರಿಯರ ತಂಡದ ಇವತ್ತಿನ ಫೋಟೋಗೆ ಪ್ರತಿ ಹುಡುಗನ ಹೆತ್ತವರನ್ನೂ ಕೇಳಿ. ನಡಾವಳಿ ಪುಸ್ತಕ ಮುಟ್ಟುವಾಗ ಕೈಗವಸು ಬೇಡ, ಅದರಿಂದ ಹಳೆಯ ಹಾಳೆ ಹರಿಯುವುದೇ ಹೆಚ್ಚು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿದ್ದರೆ ಸಾಕು, ಹತ್ತಿರ ಪೆನ್ನಿನ ಬದಲು ಪೆನ್ಸಿಲ್ ಇರಲಿ.